ಬರಿಗಾಲಿನ ಏಳು ನಂಬರ್

ಹಿಂದೂಪುರದಲ್ಲಿ ನಮ್ಮ ಬೀದಿಗೆ ಬೆಳಗಿನ ಹೊತ್ತು ನೀರಿನ ಕ್ಯಾನ್ ಹಾಕುವ ಆಟೋ ಬರುತ್ತದೆ. ಅದರ ಡ್ರೈವರ್ ಇಳಿಯುವುದನ್ನು ನೋಡಲೆಂದೇ ಮಕ್ಕಳು ಬಾಗಿಲಿಗೆ ಓಡಿ ಬರುತ್ತಾರೆ. ಮೊದಲು ಒಂದು ಕಾಲು ಹೊರಗೆ ಬರುತ್ತದೆ, ಆಮೇಲೆ ಇನ್ನೊಂದು, ಆಮೇಲೆ ಸೊಂಟ, ಎಲ್ಲಕ್ಕಿಂತ ಕೊನೆಗೆ ತಲೆ. ಮಡಚಿಟ್ಟ ಏಣಿ ಬಿಚ್ಚಿಕೊಂಡ ಹಾಗೆ ಎದ್ದು ನಿಂತು, ಎರಡು ಕ್ಯಾನನ್ನು ಎರಡು ಚೆಂಬಿನಂತೆ ಎತ್ತಿಕೊಂಡು ಒಳಗೆ ಬರುತ್ತಾನೆ. ಬಾಗಿಲಲ್ಲಿ ತಲೆ ಬಗ್ಗಿಸುವುದು ಅವನಿಗೆ ಅಭ್ಯಾಸವಾಗಿದೆ. ಅವನೇ ಮುರಳಿಕೃಷ್ಣ. ಮೂರು ವರ್ಷದ ಹಿಂದೆ ಇದೇ ಊರಿನ ಡಿಗ್ರಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಏಳು ನಂಬರಿನ ಆಟಗಾರನಾಗಿದ್ದವನು.

ನಾನು ಉಗ್ರಪ್ಪ, ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು. ಈ ಸೀಮೆಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ಎಲ್ಲಿ ನಡೆದರೂ ಸ್ಕೋರ್ ಬರೆಯುವ ಮೇಜಿನ ಹಿಂದೆ ನಾನೇ ಕೂರುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹೆಂಡತಿ ದೂರುತ್ತಾಳೆ. ಹೆಸರಿಟ್ಟವರನ್ನು ಕೇಳು ಎನ್ನುತ್ತೇನೆ. ನನ್ನ ಹುಟ್ಟೂರು ಕಲ್ಯಾಣದುರ್ಗ. ಮುರಳಿಯ ಮನೆ ಅಲ್ಲಿ ನಮ್ಮ ಬೀದಿಯಲ್ಲೇ ಇದೆ, ಹಾಗಾಗಿ ಅವನು ನನ್ನನ್ನು ಮಾವ ಎಂದು ಕರೆಯುತ್ತಾನೆ. ಅವನ ಆ ಕೊನೆಯ ಸೀಸನ್ನಿನ ಕಥೆಯನ್ನು ಊರಿನವರು ಒಂದೊಂದು ಥರ ಹೇಳುತ್ತಾರೆ. ದೇವರ ಶಾಪ ಎನ್ನುವವರಿದ್ದಾರೆ, ಹುಡುಗನ ಕೊಬ್ಬು ಎನ್ನುವವರಿದ್ದಾರೆ. ಎರಡೂ ಅಲ್ಲ.

ಮುರಳಿಯ ತಂದೆ ನಾರಪ್ಪ ಟ್ರ್ಯಾಕ್ಟರ್ ಟ್ರೈಲರ್‌ಗಳಿಗೆ ವೆಲ್ಡಿಂಗ್ ಮಾಡುವವನು, ತಾಯಿ ಮುನೆಮ್ಮ ಶಾಲೆಯ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುವವಳು. ಇಬ್ಬರೂ ಬೆಳಗ್ಗೆ ಮನೆ ಬಿಟ್ಟರೆ ಮಗು ಉಳಿಯುತ್ತಿದ್ದದ್ದು ದೊಡ್ಡಮ್ಮ ನರಸಕ್ಕನ ಬಳಿ. ಆಕೆ ನಾರಪ್ಪನ ಅಣ್ಣನ ಹೆಂಡತಿ. ಮಕ್ಕಳಿಲ್ಲ, ಗಂಡ ಬೇಗ ತೀರಿಕೊಂಡಿದ್ದ. ಮುರಳಿಗೆ ಉಣಿಸಿದವಳು, ಬೈದವಳು, ಅವನು ವರ್ಷಕ್ಕೊಂದು ಗೇಣು ಬೆಳೆಯುತ್ತಾ ಹೋದಾಗ ಅವನ ಪ್ಯಾಂಟಿನ ಮಡಿಕೆ ಬಿಚ್ಚಿ ಹೊಲಿದವಳು ಎಲ್ಲ ಆಕೆಯೇ. "ನನ್ನ ತೆಂಗಿನ ಮರ" ಎಂದು ಬೀದಿಗೆಲ್ಲ ತೋರಿಸುತ್ತಿದ್ದಳು.

ಆ ಎತ್ತರವನ್ನು ಕಂಡೇ ಹಿಂದೂಪುರದ ಕಾಲೇಜು ಅವನನ್ನು ಕರೆದು ಸೀಟು ಕೊಟ್ಟಿತು. ಬರಿ ಎತ್ತರವಲ್ಲ, ಕೈಯಲ್ಲಿ ಆಟವಿತ್ತು. ಎರಡನೆಯ ವರ್ಷ ಒಂದು ಪಂದ್ಯದಲ್ಲಿ ಹಾರಿ ಬಿದ್ದು ಮಂಡಿ ಕೆಟ್ಟಿತು. ತಿಂಗಳುಗಟ್ಟಲೆ ಊದಿಕೊಂಡು ಕುಂಟಿದ. ಡಾಕ್ಟರ ಬಳಿ ತೋರಿಸಿ, ಪಟ್ಟಿ ಕಟ್ಟಿ, ದಿನವೂ ವ್ಯಾಯಾಮ ಮಾಡಿಸಿದವನು ನಾನು. ಹರಕೆ ಹೊತ್ತವಳು ಮುನೆಮ್ಮ: ಕಾಲು ನೆಟ್ಟಗಾದರೆ ಮಗನಿಗೆ ಅಯ್ಯಪ್ಪನ ಮಾಲೆ ಹಾಕಿಸಿ ಬೆಟ್ಟಕ್ಕೆ ಕಳಿಸುತ್ತೇನೆ ಎಂದು. ಕಾಲು ನೆಟ್ಟಗಾಯಿತು. ಹೆಸರು ಯಾರಿಗೆ ಹೋಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ನಾನು ಗೊಣಗಿ ಸುಮ್ಮನಾಗುತ್ತಿದ್ದೆ. ಆದರೆ ಕಾರ್ತೀಕದಲ್ಲಿ ಮಾಲೆ ಹಾಕಿದರೆ ಒಂದು ಮಂಡಲ ಕಾಲ, ಅಂದರೆ ನಲವತ್ತೊಂದು ದಿನ, ದೀಕ್ಷೆ. ನಮ್ಮ ಅಂತರ ಕಾಲೇಜು ಪಂದ್ಯಗಳು ನಡೆಯುವುದೂ ಅದೇ ದಿನಗಳಲ್ಲಿ. ಮಾಲೆ ಹಾಕಿದವರು ಕಪ್ಪು ಬಟ್ಟೆ ಉಡಬೇಕು, ತಣ್ಣೀರಲ್ಲಿ ಮೀಯಬೇಕು, ದಿನಕ್ಕೆ ಒಂದೇ ಹೊತ್ತು ಊಟ ಮಾಡಬೇಕು. ಕಾಲಿಗೆ ಏನನ್ನೂ ಮೆಟ್ಟುವಂತಿಲ್ಲ. ಹೆತ್ತ ತಾಯಿ ಕೂಡ ಅವರನ್ನು ಹೆಸರು ಹಿಡಿದು ಕರೆಯದೆ ಸ್ವಾಮಿ ಎನ್ನಬೇಕು. ಅದು ಮುರಳಿಯ ಡಿಗ್ರಿಯ ಕೊನೆಯ ವರ್ಷ. ಈ ಪಂದ್ಯಗಳಲ್ಲಿ ಆಡಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಆಯ್ಕೆಯಾಗದಿದ್ದರೆ ಆ ಬಾಗಿಲು ಮುಚ್ಚಿದಂತೆ.

"ಮುಂದಿನ ವರ್ಷ ಹಾಕ್ಸಮ್ಮ, ಅಯ್ಯಪ್ಪ ಎಲ್ಲಿಗೂ ಓಡೋಗಲ್ಲ" ಎಂದೆ ಮುನೆಮ್ಮನಿಗೆ.

"ನೀವು ಸುಮ್ಕಿರಣ್ಣ. ಹೊತ್ತ ಹರಕೆ ಮುಂದಕ್ಕಾಕುದ್ರೆ ಕಾಲು ಮತ್ತೆ ಹೋದ್ರೆ ಯಾರು ಕೊಡ್ತಾರೆ? ನೀವು ಕೊಡ್ತೀರಾ?" ಎಂದಳು.

ಮುರಳಿ ನಂಬುತ್ತಿದ್ದನೇ ಎಂದು ಕೇಳಿದರೆ, ಅರ್ಧ ನಂಬುತ್ತಿದ್ದ. ಆ ಅರ್ಧವೇ ಸಾಕಿತ್ತು. ಮಾಲೆ ಬೇಡವೆಂದು ಹೇಳಿ ಅಂಗಳಕ್ಕಿಳಿದಿದ್ದರೆ ಪ್ರತಿ ಸಲ ಹಾರುವಾಗಲೂ ಮಂಡಿಯ ಯೋಚನೆ ಬರುತ್ತಿತ್ತು. ಗುರುಸ್ವಾಮಿ ದೊಡ್ಡಬಸಪ್ಪನ ಕೈಯಲ್ಲಿ ಮಾಲೆ ಹಾಕಿಸಿಕೊಂಡು, ಬರಿಗಾಲಲ್ಲಿ ಹಿಂದೂಪುರಕ್ಕೆ ಬಂದ.

ಕಾಲೇಜಿನ ಪಿ.ಡಿ. ಆಂಜಿನಪ್ಪ, ಅಂದರೆ ಆಟ ಕಲಿಸುವ ಮೇಷ್ಟ್ರು, ಮೊದಲು ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ಎದ್ದು ಉಪಾಯ ಹುಡುಕಿದ. ತಂಡದ ಅಂಗಿ ಹಳದಿ, ಸ್ವಾಮಿ ಉಡಬೇಕಾದದ್ದು ಕಪ್ಪು. ಒಬ್ಬನಿಗೆ ಮಾತ್ರ ಬೇರೆ ಬಣ್ಣ ಕೊಡುವಂತಿಲ್ಲವಾದ್ದರಿಂದ ಇಡೀ ತಂಡಕ್ಕೆ ಕಪ್ಪು ಅಂಗಿ ಹೊಲಿಸಿದ. ಮುರಳಿಯ ಜೊತೆಗಾರ ವಂಶಿ, ಚೆಂಡು ಹಿಡಿದರೆ ಅಳಿಲಿನ ಹಾಗೆ ನುಸುಳುವ ಗಿಡ್ಡ ಹುಡುಗ, ಅದನ್ನು ತೊಟ್ಟುಕೊಂಡು, "ನಾವೆಲ್ಲಾ ಯಾವ ಬೆಟ್ಟಕ್ಕೆ ಹೋಯ್ತಾ ಇದೀವಿ ಸಾರ್?" ಎಂದು ಕೇಳಿ ಬೈಸಿಕೊಂಡ. ಕೊರಳಲ್ಲಿ ಸರ ಹಾಕಿ ಆಡಬಾರದೆಂಬ ನಿಯಮಕ್ಕೆ ಮಾಲೆಯ ಮೇಲೆ ಬಿಳಿ ಟೇಪು ಅಂಟಿಸಿದರು. ಬರಿಗಾಲಿನ ಬಗ್ಗೆ ರೆಫರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಾಮಿಗೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ?

ಮೊದಲ ಪಂದ್ಯದಲ್ಲೇ ಒಂದು ವಿಚಿತ್ರ ನಡೆಯಿತು. ಮುರಳಿ ಚೆಂಡು ಹಿಡಿದು ಬುಟ್ಟಿಯ ಕಡೆ ನುಗ್ಗಿದರೆ ಎದುರಾಳಿ ಹುಡುಗರು ಪಕ್ಕಕ್ಕೆ ಸರಿಯುತ್ತಿದ್ದರು. ಒಬ್ಬ ಅಪ್ಪಿತಪ್ಪಿ ಮೊಣಕೈ ತಾಗಿಸಿ, ಆಟದ ನಡುವೆಯೇ ಬಗ್ಗಿ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ರೆಫರಿ ಸೀಟಿ ಊದಿ, "ಸ್ವಾಮಿ, ಏನೂ ಅನ್ಕೋಬೇಡಿ, ಇದು ಫೌಲು" ಎಂದು ಕೈಮುಗಿದ. ಮುರಳಿ ನಡೆದುಕೊಂಡು ಹೋಗಿ ಚೆಂಡನ್ನು ಬುಟ್ಟಿಗೆ ಹಾಕಿ ಬರುತ್ತಿದ್ದ. ನಾನು ಬರೆಯುತ್ತಿದ್ದೆ. ಬರೆಯುವಾಗ ನನ್ನ ಪೆನ್ನಿಗೇ ನಾಚಿಕೆಯಾಗುತ್ತಿತ್ತು.

ಆಂಜಿನಪ್ಪ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದ. "ಪರವಾಲೇದು ಮೇಷ್ಟ್ರೇ, ಮಾಲೆ ಹಾಕಿದ್ದೇ ಚೆನ್ನಾಗಾಯ್ತು. ಹತ್ತಿರ ಬರೋ ಗಂಡಸು ಯಾವನೂ ಇಲ್ಲ ನೋಡಿ!"

"ಇದು ಆಟ ಅಲ್ಲ ಕಣಯ್ಯ, ಹುಂಡಿಗೆ ಬಿದ್ದ ಕಾಣಿಕೆ" ಎಂದೆ.

ಹೀಗೆ ಗೆಲ್ಲುತ್ತಾ ಗೆಲ್ಲುತ್ತಾ ಸೆಮಿಫೈನಲ್ ತಲುಪಿದರು. ಅದು ನಡೆದದ್ದು ಕಲ್ಯಾಣದುರ್ಗದಲ್ಲಿ, ಒಂದು ಶುಕ್ರವಾರ. ಅಲ್ಲಿಯೂ ಗೆದ್ದರು. ಪಂದ್ಯ ಮುಗಿದ ಮೇಲೆ ವಿಶ್ವವಿದ್ಯಾಲಯದ ಆಯ್ಕೆ ಸಮಿತಿಯ ಕೋಚ್ ಮುರಳಿಯನ್ನು ಕರೆದರು. ನಾನು ಮೇಜಿನ ಹಿಂದೆ ಕಾಗದ ಮಡಿಸುತ್ತಿದ್ದೆ, ಎಲ್ಲ ಕೇಳಿಸಿತು.

"ನಿನ್ನನ್ನ ನೋಡಿದೆನಪ್ಪ, ನಿನ್ನ ಆಟ ನೋಡಲಿಲ್ಲ" ಎಂದರು ಆತ. ಮಾತಿನಲ್ಲಿ ಕುಹಕವಿರಲಿಲ್ಲ. "ನಿನಗೆ ಅಡ್ಡ ಬರೋರೇ ಇಲ್ಲ. ನಾಳೆ ಬೇರೆ ರಾಜ್ಯದವರ ಜೊತೆ ಮರದ ನೆಲದ ಮೇಲೆ ಆಡಬೇಕು, ಅಲ್ಲಿ ಬೂಟಿಲ್ಲದೆ ಒಳಗೇ ಬಿಡಲ್ಲ. ಮಂಗಳವಾರ ಹಿಂದೂಪುರದ ಫೈನಲ್ಲಿಗೆ ಬರ್ತೀನಿ. ಬೂಟು ಹಾಕ್ಕೊಂಡು ಆಡು, ನೋಡ್ತೀನಿ. ಬರಿಗಾಲಲ್ಲಿ ಬಂದ್ರೆ ನಾನು ಹೆಸರು ಬರೆಯೋಕೆ ಆಗಲ್ಲ."

ಆಂಜಿನಪ್ಪ ಅವನನ್ನು ಎಳೆದುಕೊಂಡು ನೇರ ಗುರುಸ್ವಾಮಿಯ ಬಳಿಗೆ ಹೋದ. ನಾನೂ ಹಿಂದೆ ನಡೆದೆ. ದೊಡ್ಡಬಸಪ್ಪ ಬೆಲ್ಲದ ವ್ಯಾಪಾರಿ, ಹದಿನೆಂಟು ಸಲ ಬೆಟ್ಟ ಹತ್ತಿದವನು, ಒಳ್ಳೆಯ ಮನುಷ್ಯ. ಚರ್ಮವಿಲ್ಲದ ಬಟ್ಟೆಯ ಬೂಟು ಆಗುತ್ತದೆಯೇ ಎಂದು ಆಂಜಿನಪ್ಪ ವಾದಿಸಿದ. ದೊಡ್ಡಬಸಪ್ಪ ತಾಳ್ಮೆಯಿಂದ ಕೇಳಿ ತಲೆಯಾಡಿಸಿದ.

"ಬಟ್ಟೆಯದಾದ್ರೂ ಮೆಟ್ಟು ಮೆಟ್ಟೇ ಸ್ವಾಮಿ. ಬೆಟ್ಟಕ್ಕೋಗಿ ಬಂದ ಮೇಲೆ ಮಾಲೆ ತೆಗೀಬೇಕು. ಇಲ್ಲಾಂದ್ರೆ ಮನ್ಯಾಗೆ ಸಾವಾದ್ರೆ ಸೂತಕ ಅಂತ ತೆಗೀಬೇಕು. ಇವೆರಡೇ ದಾರಿ, ಮೂರನೇದಿಲ್ಲ. ಸುಳ್ಳೇಳಿ ತೆಗುದ್ರೆ ಹೇಳಿದ ಸಾವು ದಿಟ ಆಯ್ತದೆ ಅಂತಾರೆ, ಅದೂ ನೆನಪಿರ್ಲಿ."

ಹೊರಗೆ ಬಂದ ಮೇಲೆ ಆಂಜಿನಪ್ಪ ಆಚೀಚೆ ನೋಡಿ, "ನಿಮ್ಮನೇಲಿ ವಯಸ್ಸಾದೋರು ಯಾರಾದ್ರೂ ಹಾಸಿಗೆ ಹಿಡಿದವ್ರಾ?" ಎಂದು ಕೇಳಿಬಿಟ್ಟ. ನಾನು ಕೈಯಲ್ಲಿದ್ದ ಕೊಡೆ ಎತ್ತಿದೆ. ಅವನು ತಮಾಷೆಗೆ ಅಂದೆ ಎನ್ನುತ್ತಾ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಮುರಳಿ ನಗಲೂ ಇಲ್ಲ, ಬೈಯಲೂ ಇಲ್ಲ. ಅವನ ಮನೆಯಲ್ಲಿ ನರಸಕ್ಕ ಹಾಸಿಗೆ ಹಿಡಿದು ತಿಂಗಳಾಗಿತ್ತು. ಉಬ್ಬಸ ಹೆಚ್ಚಾಗಿ, ಕೂತರೆ ಮಾತ್ರ ಉಸಿರು ಆಡುತ್ತಿತ್ತು.

ಅಂದು ಮಧ್ಯಾಹ್ನ ಊಟಕ್ಕೆ ನನ್ನನ್ನೂ ವಂಶಿಯನ್ನೂ ಮುರಳಿ ಮನೆಗೆ ಕರೆದೊಯ್ದ. ಮುನೆಮ್ಮ ಮಡಿಯಲ್ಲಿ ಅಡುಗೆ ಮಾಡಿ, ಮಗನಿಗೆ ಎಲೆ ಹಾಕಿ, "ಬಡಿಸಲಾ ಸ್ವಾಮಿ?" ಎಂದು ದೂರ ನಿಂತು ಕೇಳುತ್ತಿದ್ದಳು. ಒಳಮನೆಯ ಮಂಚದಲ್ಲಿ ದಿಂಬಿಗೆ ಒರಗಿದ್ದ ನರಸಕ್ಕ ಅಲ್ಲಿಂದಲೇ ಕೂಗಿದಳು.

"ಆ ಕೋಚು ಏನಂದ್ನಂತೆ?"

ಮುರಳಿ ಅನ್ನ ಕಲಸುತ್ತಾ ಕೂತ. ವಂಶಿಗೆ ಬಾಯಿ ನಿಲ್ಲುವುದಿಲ್ಲ. "ಬೂಟು ಹಾಕ್ಕೊಂಡು ಆಡುದ್ರೆ ತಗೊಂತಾರಂತೆ ಅಜ್ಜಿ. ಇಲ್ಲಾಂದ್ರೆ ಇಲ್ಲ."

"ಮಾಲೆ ತೆಗ್ಯಕೆ ಏನ್ಮಾಡ್ಬೇಕಂತೆ?"

ವಂಶಿ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಮುದುಕಿ ದಡ್ಡಿಯಲ್ಲ. ಕೆಮ್ಮು ಬರುವಷ್ಟು ನಕ್ಕಳು. "ಗೊತ್ತು ಬಿಡ್ಲಾ. ಯಾರಾನ ಸಾಯ್ಬೇಕು. ಆಟ ಯಾವತ್ತು?"

"ಮಂಗಳವಾರ" ಎಂದ ಮುರಳಿ.

"ಥೂ, ಬಿಡ್ತು ಅನ್ನು ಅಕ್ಕಾ!" ಎಂದು ಮುನೆಮ್ಮ ಸೌಟು ಹಿಡಿದುಕೊಂಡೇ ಒಳಗೆ ಓಡಿದಳು. "ಸ್ವಾಮಿ ಉಣ್ತಾ ಕೂತವ್ನೆ, ಎಂಥಾ ಮಾತಾಡ್ತೀಯೆ!" ಊಟ ಮುಗಿಯಿತು. ಹೊರಡುವಾಗ ಮುರಳಿ ಒಳಮನೆಯ ಹೊಸ್ತಿಲಲ್ಲಿ ನಿಂತು, "ಹೋಗಿಬತ್ತೀನಿ ದೊಡ್ಡಮ್ಮ" ಎಂದ. ಆಕೆ ಕೈ ಎತ್ತಿದಳು.

ಹಿಂದೂಪುರದ ಬಸ್ಸಿನಲ್ಲಿ ಅವನು ನನ್ನ ಪಕ್ಕ ಮೊಣಕಾಲು ಮುದುರಿಕೊಂಡು ಕೂತಿದ್ದ. ಆ ಮೂರು ನಾಲ್ಕು ದಿನ ಅವನನ್ನು ನೋಡಿದರೆ ಬೋನಿಗೆ ಬಿದ್ದ ಪ್ರಾಣಿಯನ್ನು ನೋಡಿದ ಹಾಗಾಗುತ್ತಿತ್ತು. ಬೆಳಗಿನ ಜಾವ ತಣ್ಣೀರು ಹೊಯ್ದುಕೊಳ್ಳುತ್ತಿದ್ದ, ಭಜನೆಗೆ ಕೂರುತ್ತಿದ್ದ, ಬಿಸಿಲಲ್ಲಿ ಕಾದ ಸಿಮೆಂಟಿನ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದ. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಫೋನು ಮಾತ್ರ ಸದಾ ಕೈಯಲ್ಲಿರುತ್ತಿತ್ತು. ಅದು ಹೊಡೆದುಕೊಂಡರೆ ಬೆಚ್ಚಿಬೀಳುತ್ತಿದ್ದ. ನಾನು ಪ್ರೇಮ ಪ್ರಕರಣವಿರಬೇಕು ಎಂದುಕೊಂಡೆ. ಮೇಷ್ಟ್ರ ಬುದ್ಧಿ ಅಷ್ಟೇ ದೂರ ಓಡುತ್ತದೆ.

ಮಂಗಳವಾರ ಬಂತು. ಪ್ರತಿ ಪಂದ್ಯಕ್ಕೂ ಬರುತ್ತಿದ್ದ ನಾರಪ್ಪ ಫೈನಲ್ಲಿಗೆ ಬರಲಿಲ್ಲ. ಫೋನು ಮಾಡಿದರೆ, "ಅರ್ಜೆಂಟ್ ಕೆಲಸ ಐತೆ ಸ್ವಾಮಿ, ಚೆನ್ನಾಗಿ ಆಡು" ಎಂದನಂತೆ. ಮುರಳಿ, "ದೊಡ್ಡಮ್ಮ ಹೆಂಗವ್ಳೆ?" ಎಂದು ಕೇಳಿದ. ಮಲಗವ್ಳೆ ಎಂದು ಉತ್ತರ ಬಂತು. ಮುರಳಿ ಬರಿಗಾಲಲ್ಲೇ ಅಂಗಳಕ್ಕಿಳಿದ. ಆಯ್ಕೆಯ ಕೋಚ್ ಅವನ ಪಾದ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

ಎದುರಾಳಿಗಳು ಅನಂತಪುರದ ಕಡೆಯ ತಂಡ. ಅವರ ಮೇಷ್ಟ್ರು ಹುಡುಗರಿಗೆ ಮೊದಲೇ ಹೇಳಿದ್ದರು: ಅಂಗಳದಲ್ಲಿ ಸ್ವಾಮಿ ಇಲ್ಲ, ಏಳು ನಂಬರ್ ಮಾತ್ರ. ಹುಡುಗರು ಗೋಡೆಯ ಹಾಗೆ ಅಡ್ಡ ನಿಂತರು, ಗುದ್ದಿದರು, ಕೆಡವಿದರು. ಆಗ ನೋಡಿದೆ ನಾನು ನಮ್ಮ ಹುಡುಗನ ನಿಜವಾದ ಆಟ. ಎದ್ದು, ನುಗ್ಗಿ, ಮೂವರ ಮೇಲಿನಿಂದ ಚೆಂಡು ಹಾಕಿದ. ಆ ಅಂಕಗಳನ್ನು ಬರೆಯುವಾಗ ಮಾತ್ರ ನನ್ನ ಪೆನ್ನಿಗೆ ಮರ್ಯಾದೆ ಬಂತು. ಆದರೆ ಓಡುತ್ತಾ ಓಡುತ್ತಾ ತಟ್ಟನೆ ನಿಲ್ಲುವುದು, ತಿರುಗುವುದು ಬರಿಗಾಲಿಗೆ ಆಗದ ಕೆಲಸ. ಬೊಬ್ಬೆಗಳು ಒಡೆದವು. ಒಬ್ಬನ ಬೂಟು ಅವನ ಹೆಬ್ಬೆರಳಿನ ಮೇಲೆ ಬಿದ್ದು ಉಗುರು ಕಿತ್ತು ಬಂತು. ಸಿಮೆಂಟಿನ ಮೇಲೆ ಅವನು ಓಡಿದಲ್ಲೆಲ್ಲ ಗುರುತು ಬೀಳತೊಡಗಿತು. ರೆಫರಿ ಎರಡು ಸಲ ಆಟ ನಿಲ್ಲಿಸಿ ಒರೆಸಿಸಿದ, ಮೂರನೆಯ ಸಲ ಅವನನ್ನು ಹೊರಗೆ ಕಳಿಸಿದ. ಕೊನೆಗೆ ವಂಶಿ ನುಸುಳಿ ನುಸುಳಿ ಎಸೆದ ಚೆಂಡಿನಿಂದ ನಮ್ಮ ಕಾಲೇಜು ಕಪ್ ಗೆದ್ದಿತು. ಮೈಕಿನಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರ ಹೆಸರು ಓದಿದರು. ವಂಶಿಯ ಹೆಸರಿತ್ತು. ಮುರಳಿಯದ್ದು ಇರಲಿಲ್ಲ.

ಮರುದಿನ ಬೆಳಗ್ಗೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಊರಿಗೆ ಹೋಗುತ್ತೇನೆ ಎಂದ. ಒಬ್ಬನೇ ಬಸ್ಸು ಹತ್ತುವ ಸ್ಥಿತಿಯಲ್ಲಿರಲಿಲ್ಲ, ನಾನೂ ಹೊರಟೆ. "ದೊಡ್ಡಮ್ಮಂಗೆ ನಾನೇ ಹೇಳ್ಬೇಕು ಮಾವ, ಆಗ್ಲಿಲ್ಲ ಅಂತ" ಎಂದ. ಯಾಕೋ ಅವನ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ನಿರಾಳ ಕಂಡಿತು. ಸದ್ಯ ಅದು ಮುಗಿಯಿತಲ್ಲ ಎಂಬಂತೆ.

ಕಲ್ಯಾಣದುರ್ಗದಲ್ಲಿ ನಮ್ಮ ಬೀದಿಯ ತಿರುವಿನಲ್ಲೇ ಮುನೆಮ್ಮ ಎದುರಾದಳು. ಯಾರೋ ನೋಡಿ ಮೊದಲೇ ಹೇಳಿರಬೇಕು. ಎರಡೂ ಕೈ ಅಡ್ಡ ಹಿಡಿದು, "ಮನೆತಾವ ಬರಬ್ಯಾಡ ಸ್ವಾಮಿ. ಗುಡಿತಾವ ಹೋಗು. ಊಟ ಅಲ್ಲಿಗೇ ಕಳಿಸ್ತೀನಿ" ಎಂದಳು. ಅವಳ ಭುಜದ ಮೇಲಿಂದ ನೋಡುವಷ್ಟು ಎತ್ತರ ಅವನಿಗಿತ್ತು. ನಾನೂ ನೋಡಿದೆ. ಮನೆಯ ಮುಂದೆ ನರಸಕ್ಕನ ಮಂಚ ತೊಳೆದು ಗೋಡೆಗೆ ಒರಗಿಸಿದ್ದರು. ಬಾಗಿಲಲ್ಲಿ ನಾರಪ್ಪ ಬೋಳುತಲೆಯಲ್ಲಿ ನಿಂತಿದ್ದ.

"ಯಾವಾಗ?" ಎಂದ ಮುರಳಿ.

ಭಾನುವಾರ ಸಂಜೆ ಹೋಗಿದ್ದಳು. ಸೋಮವಾರ ಬೆಳಗ್ಗೆ ಮಣ್ಣು ಮಾಡಿದ್ದರು. ಈ ಸೀಮೆಯಲ್ಲಿ ಅದು ಹೊಸದಲ್ಲ: ಮಾಲೆ ಹಾಕಿದವನ ಕಿವಿಗೆ ಬೀಳುವ ತನಕ ಸೂತಕವಿಲ್ಲ ಎನ್ನುತ್ತಾರೆ. ಅದಕ್ಕೇ ಸಾವನ್ನು ಮುಚ್ಚಿಡುತ್ತಾರೆ, ಬೆಟ್ಟಕ್ಕೆ ಹೋಗಿಬರಲಿ ಎಂದು. ಬೀದಿಗೆ ಬೀದಿಯೇ ಬಾಯಿ ಮುಚ್ಚಿಕೊಂಡು ಸಹಾಯ ಮಾಡುತ್ತದೆ. ಒಳ್ಳೆಯದಕ್ಕೇ ಮಾಡುತ್ತಾರೆ. ಆ ಒಳ್ಳೆಯತನಕ್ಕೆ ನನ್ನ ರಕ್ತ ಕುದಿಯಿತು. ಒಂದು ಫೋನು ಬಂದಿದ್ದರೆ ಮಂಗಳವಾರ ಅವನು ಮಾಲೆ ತೆಗೆದು ಬೂಟು ಹಾಕಿ ಆಡಬಹುದಿತ್ತು, ಬೀದಿಗೆಲ್ಲ ಗೊತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ.

ನಾರಪ್ಪ ಹತ್ತಿರ ಬಂದ. ಸುಳ್ಳು ಹೊತ್ತು ಸುಸ್ತಾಗಿದ್ದ. "ಹೇಳು ಅಂದ್ಲು ಕಣಪ್ಪ ಅವ್ಳು. ನನ್ನ ಕೈ ಹಿಡ್ಕೊಂಡು ಅಂದ್ಲು, ಉಸುರು ಹೋದ್ ತಕ್ಷಣ ಹುಡುಗುಂಗೆ ಫೋನ್ ಮಾಡು, ಬೂಟು ಹಾಕ್ಕೊಂಡು ಆಡ್ಲಿ ಅಂತ."

"ನಾನೇ ಬ್ಯಾಡ ಅಂದೆ" ಎಂದಳು ಮುನೆಮ್ಮ. "ಹರಕೆ ಕೆಟ್ರೆ ನಿನ್ನ ಕಾಲು ಹೋಯ್ತದೆ ಅಂತ ಹೆದ್ರಿಕೊಂಡ್ಬುಟ್ಟೆ." ಆಮೇಲೆ ಅವನ ಪಾದದ ಬಟ್ಟೆಯಲ್ಲಿ ಒಣಗಿದ ರಕ್ತ ಕಂಡು ಬೀದಿಯಲ್ಲೇ ಕುಸಿದು ಕೂತಳು.

ಅಂದೇ ದೊಡ್ಡಬಸಪ್ಪ ಬಂದು ಮಾಲೆ ತೆಗೆದ. ಬೆಟ್ಟವೂ ಇಲ್ಲ, ತಂಡವೂ ಇಲ್ಲ. ಮಣ್ಣು ಮಾಡಿದ ಮೂರನೆಯ ದಿನವೂ ಅಂದೇ ಆಗಿತ್ತು, ಹಾಲುತುಪ್ಪಕ್ಕೆ ಎಲ್ಲರೂ ಹೊಲದ ಕಡೆ ನಡೆದೆವು. ಮುರಳಿ ಹಸಿ ಮಣ್ಣಿನ ಮೇಲೆ ಹಾಲು ಹೊಯ್ದ. ಹೆಂಗಸರೆಲ್ಲ ನರಸಕ್ಕನ ಕೊನೆಯ ಮಾತನ್ನು ನೆನೆದು ಅತ್ತರು, ಎಂಥಾ ಪ್ರೀತಿ, ಸಾಯುವಾಗಲೂ ಮಗನ ಆಟದ ಚಿಂತೆ ಎಂದರು. ಜನ ಚದುರಿದ ಮೇಲೆ ಅವನು ನನ್ನ ತೋಳು ಹಿಡಿದುಕೊಂಡ.

"ಆ ನಾಕು ದಿನ ನಾನು ಫೋನ್ ನೋಡ್ತಿದ್ದುದ್ದು ಇದುಕ್ಕೇ ಮಾವ. ಅವ್ಳು ಹೋಗ್ಲಿ ಅಂತ ಕಾಯ್ತಿದ್ದೆ. ಬ್ಯಾಡ ಬ್ಯಾಡ ಅಂದ್ರೂ ಮನಸು ಕಾಯ್ತಿತ್ತು. ಅವ್ಳಿಗೆ ಗೊತ್ತಾಗೋಗಿತ್ತು. ಆಟ ಯಾವತ್ತು ಅಂತ ಕೇಳುದ್ಲು, ನಾನು ದಿನ ಹೇಳ್ದೆ."

ನಾನು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ, ಅಷ್ಟೇ.

ಈಗ ಮುನೆಮ್ಮ ಮಗನ ಜೊತೆ ಹಿಂದೂಪುರದಲ್ಲೇ ಇದ್ದಾಳೆ. ಅವನು ಕ್ಯಾನ್ ಹಾಕಿ ಬಂದು ಊಟಕ್ಕೆ ಕೂತಾಗಲೆಲ್ಲ, "ನನ್ನಿಂದ ನಿನ್ನ ಬಾಳು ಹಿಂಗಾಯ್ತು ಕಣಪ್ಪ, ನನ್ನ ಒಂದ್ಸಲ ಬೈದ್ಬುಡು" ಎನ್ನುತ್ತಾಳೆ. ಅವನು "ನಿಂದೇನೂ ತಪ್ಪಿಲ್ಲಮ್ಮ" ಎನ್ನುತ್ತಾನೆ. ನಿಜವಾಗಿ ಹಾಗೆಂದೇ, ತಪ್ಪೆಲ್ಲ ತನ್ನದೇ ಎಂದೇ, ಅವನು ನಂಬಿದ್ದಾನೆ. ಯಾಕೆ ಎಂದು ಹೇಳಿದರೆ ಅವಳ ಅಳು ನಿಲ್ಲಬಹುದು. ಆದರೆ ಹೇಳಬೇಕಾದರೆ ದೊಡ್ಡಮ್ಮನ ಸಾವಿಗೆ ತಾನು ಕಾದಿದ್ದನ್ನೂ ಹೇಳಬೇಕು, ಅದನ್ನು ಹೇಳಲು ಅವನಿಗೆ ಬಾಯಿಲ್ಲ. ಮಗ ತನ್ನನ್ನು ನೋಯಿಸಬಾರದೆಂದು ಸಿಟ್ಟು ನುಂಗಿಕೊಂಡಿದ್ದಾನೆ ಎಂದು ತಾಯಿ ತಿಳಿದುಕೊಂಡು ಇನ್ನಷ್ಟು ಅಳುತ್ತಾಳೆ. ಅವನು ತಲೆ ತಗ್ಗಿಸಿಕೊಂಡು ಉಣ್ಣುತ್ತಾನೆ.